ಜಲಜನಕ ತೊಳೆಯುವ ಚಿನ್ನ

2023ರಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಕೋಳಿ ಫಾರಂ ಒಂದರ ಶೆಡ್ಡಿನಲ್ಲಿ ಮಲಗಿದ್ದ ನಾಲ್ವರು ಕಾರ್ಮಿಕರು ಬೆಳಗಾಗುವಷ್ಟರಲ್ಲಿ ಹೆಣವಾಗಿದ್ದರು. ಸೊಳ್ಳೆ ಕಾಟ ತಾಳಲಾರದೆ ಒಳಗೆ ಇದ್ದಿಲು ಹೊತ್ತಿಸಿಕೊಂಡಿದ್ದರು. ಇಂಥ ಸುದ್ದಿ ಚಳಿಗಾಲದಲ್ಲಂತೂ ಒಂದಲ್ಲ ಒಂದು ಊರಿನಿಂದ ಬರುತ್ತಲೇ ಇರುತ್ತದೆ. ಕೊಲ್ಲುವುದು ಕಣ್ಣುರಿಸುವ ಹೊಗೆಯಲ್ಲ. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಉಸಿರಾಡುತ್ತಲೇ ಮನುಷ್ಯ ಉಸಿರುಗಟ್ಟುತ್ತಾನೆ.

ಇದೇ ಅನಿಲ ಇದೇ ಹಟದಿಂದ ಒಂದು ಲೋಹಕ್ಕೂ ಅಂಟಿಕೊಳ್ಳುತ್ತದೆ. ಅದು ಪ್ಲಾಟಿನಂ. ಮುಂದಿನ ಕಾಲದ ಇಂಧನವೆಂದು ಸರ್ಕಾರಗಳು ಹಾಡಿಹೊಗಳುತ್ತಿರುವ ಜಲಜನಕವನ್ನು ವಿದ್ಯುತ್ತಾಗಿಸುವ ಇಂಧನ ಕೋಶದ ಒಳಗೆ ಕೆಲಸ ಮಾಡುವುದು ಪ್ಲಾಟಿನಂನ ಸಣ್ಣ ಕಣಗಳೇ. ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಯುವ ಈ ಕೋಶಕ್ಕೆ ಹೋಗುವ ಜಲಜನಕದಲ್ಲಿ ಹತ್ತು ಲಕ್ಷ ಅಣುಗಳ ನಡುವೆ ಹತ್ತಿಪ್ಪತ್ತು ಕಾರ್ಬನ್ ಮಾನಾಕ್ಸೈಡ್ ಅಣುಗಳಿದ್ದರೂ ಸಾಕು, ಅವು ಪ್ಲಾಟಿನಂನ ಮೈಯನ್ನೆಲ್ಲ ಆಕ್ರಮಿಸಿ ಜಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತವೆ. ಕೋಶ ಸೊರಗುತ್ತದೆ. ಈ ವಿಷವನ್ನು ತೆಗೆಯಲು ವಿಜ್ಞಾನಿಗಳು ಕೈಹಾಕಿದ ಹಲವು ಸಾಮಗ್ರಿಗಳಲ್ಲಿ, ಯಾವ ಕೆಲಸಕ್ಕೂ ಬಾರದ ಸೋಮಾರಿ ಎಂದು ರಸಾಯನಶಾಸ್ತ್ರಜ್ಞರು ಬಹುಕಾಲ ಬದಿಗಿಟ್ಟಿದ್ದ ಒಂದು ಲೋಹವೂ ಇದೆ: ಚಿನ್ನ. ಅದರ ಕಥೆಯಲ್ಲಿ ಬೆಂಗಳೂರಿನ ಪ್ರಯೋಗಾಲಯಗಳಿಗೂ ಒಂದು ಪಾಲಿದೆ.

ವಿಷ ಬರುವುದೆಲ್ಲಿಂದ?

ಎಲ್ಲ ಜಲಜನಕಕ್ಕೂ ಈ ಪೀಡೆಯಿಲ್ಲ. ನೀರನ್ನು ವಿದ್ಯುತ್ತಿನಿಂದ ಒಡೆದರೆ ಸಿಗುವುದು ಜಲಜನಕ ಮತ್ತು ಆಮ್ಲಜನಕ ಮಾತ್ರ. ಇಂಗಾಲವೇ ಇಲ್ಲದ ಕಡೆ ಇಂಗಾಲದ ವಿಷ ಎಲ್ಲಿಂದ ಬರಬೇಕು? ಹೀಗೆ ನೀರು ಒಡೆಯುವ ಎಲೆಕ್ಟ್ರೊಲೈಸರ್ ಯಂತ್ರಗಳನ್ನು ತಯಾರಿಸುವ ಓಮಿಯಂ ಕಂಪನಿಯ ಕಾರ್ಖಾನೆ ದೊಡ್ಡಬಳ್ಳಾಪುರದಲ್ಲೇ ಇದೆ. ಕೇಂದ್ರ ಸಂಪುಟ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಾಗ ಮುಖ್ಯವಾಗಿ ಕಣ್ಣಮುಂದಿದ್ದುದು ಈ ದಾರಿಯೇ.

ಆದರೆ ಇಂದು ದೇಶದಲ್ಲಿ ತಯಾರಾಗುವ ಜಲಜನಕದ ಬಹುಪಾಲು ಬರುವುದು ನೈಸರ್ಗಿಕ ಅನಿಲದಂಥ ಪಳೆಯುಳಿಕೆ ಇಂಧನದಿಂದ. ಅನಿಲವನ್ನು 700ರಿಂದ 900 ಡಿಗ್ರಿ ಶಾಖದಲ್ಲಿ ಹಬೆಯೊಂದಿಗೆ ಬೆರೆಸಿದರೆ ಜಲಜನಕದ ಜತೆಗೆ ಕಾರ್ಬನ್ ಮಾನಾಕ್ಸೈಡ್ ಕೂಡ ಹುಟ್ಟುತ್ತದೆ. ಪೆಟ್ರೋಲಿಯಂ ಶುದ್ಧೀಕರಣಕ್ಕೂ ಗೊಬ್ಬರದ ಅಮೋನಿಯಾಕ್ಕೂ ಬೇಕಾದ ಜಲಜನಕ ಹೆಚ್ಚಾಗಿ ಬರುವುದು ಹೀಗೆಯೇ.

ಮೂರನೆಯ ದಾರಿ ನಮ್ಮ ಹೊಲ ತೋಟಗಳದ್ದು. ಕಟ್ಟಿಗೆ, ತೆಂಗಿನ ಮಟ್ಟೆ, ಹಿಪ್ಪುನೇರಳೆಯ ಕಡ್ಡಿಯಂಥ ಜೈವಿಕ ತ್ಯಾಜ್ಯವನ್ನು ಪೂರ್ತಿ ಸುಡದೆ, ಮಿತವಾಗಿ ಗಾಳಿ ಕೊಟ್ಟು ಕಾಯಿಸಿದರೆ ಅದು ಉರಿಯುವ ಅನಿಲವಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಬೆಂಗಳೂರಿಗರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಈ ವಿದ್ಯೆಯಲ್ಲಿ ನಾಲ್ಕು ದಶಕ ಪಳಗಿದೆ. 1988ರಲ್ಲಿ ಅದರ ವಿಜ್ಞಾನಿಗಳು ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಕಟ್ಟಿಗೆಯ ಅನಿಲದಿಂದ ಎಂಜಿನ್ ಓಡಿಸಿ ದೀಪ ಹೊತ್ತಿಸಿದ್ದರು. ಅಲ್ಲಿ ಕಾರ್ಬನ್ ಮಾನಾಕ್ಸೈಡ್ ವಿಷವಾಗಿರಲಿಲ್ಲ, ಇಂಧನವಾಗಿತ್ತು. ಎಂಜಿನ್ನಿನ ಸಿಲಿಂಡರ್ ಅದನ್ನು ಸಂತೋಷದಿಂದ ಸುಡುತ್ತದೆ.

2022ರ ಕೊನೆಗೆ ಅದೇ ಸಂಸ್ಥೆಯ ಪ್ರೊ. ಎಸ್. ದಾಸಪ್ಪ ಅವರ ತಂಡ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಗಾಳಿಯ ಬದಲು ಆಮ್ಲಜನಕ ಮತ್ತು ಹಬೆಯನ್ನು ಊದಿ, ಒಂದು ಕಿಲೊ ಜೈವಿಕ ತ್ಯಾಜ್ಯದಿಂದ 100 ಗ್ರಾಂ ಜಲಜನಕ ಪಡೆಯಬಹುದೆಂದು ತೋರಿಸಿತು. ಒಂದು ಕಿಲೊ ತ್ಯಾಜ್ಯದಲ್ಲಿ ಇರುವ ಜಲಜನಕವೇ ಸುಮಾರು 60 ಗ್ರಾಂ. ಮಿಕ್ಕದ್ದನ್ನು ಹಬೆ ಕೊಡುತ್ತದೆ. ದಿನಕ್ಕೆ ಕಾಲು ಟನ್ ಜಲಜನಕ ಕೊಡುವ ಘಟಕವಾಗಿ ಇದನ್ನು ಬೆಳೆಸಿ, ಇಂಧನ ಕೋಶದ ಬಸ್ಸುಗಳಿಗೆ ಬಳಸಲು ಇಂಡಿಯನ್ ಆಯಿಲ್ ಮುಂದೆ ಬಂತು. ಅಷ್ಟು ಜಲಜನಕಕ್ಕೆ ಬೇಕಾಗುವುದು ದಿನಕ್ಕೆ ಎರಡೂವರೆ ಟನ್ ತ್ಯಾಜ್ಯ. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರದ ಬಯಲಿನಲ್ಲಿ ನಿಂತಿರುವ ನೀಲಗಿರಿ ತೋಪುಗಳನ್ನು ನೋಡಿದವರಿಗೆ ಇದು ದೊಡ್ಡ ಲೆಕ್ಕವಲ್ಲ. ಅಂತರ್ಜಲ ಹೀರುತ್ತದೆಂದು ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು; ಬುಡ ಕಿತ್ತು ಬೇರೆ ಬೆಳೆಗೆ ಹೊರಳುವ ರೈತನ ಕೈಯಲ್ಲಿ ಉಳಿಯುವುದು ಕಟ್ಟಿಗೆಯೇ. ಆದರೆ ಆ ಅನಿಲದಲ್ಲಿ ಜಲಜನಕದ ಪಕ್ಕದಲ್ಲೇ ಕಾರ್ಬನ್ ಮಾನಾಕ್ಸೈಡ್ ಕೂತಿರುತ್ತದೆ.

ಐವತ್ತರಲ್ಲಿ ಒಂದನ್ನು ಆರಿಸಬೇಕು

ಶುದ್ಧಿಯ ಕೆಲಸ ಹಂತ ಹಂತವಾಗಿ ನಡೆಯುತ್ತದೆ. ಮೊದಲಿಗೆ ಅನಿಲಕ್ಕೆ ಹಬೆ ಸೇರಿಸಿ ವೇಗವರ್ಧಕದ ಮೇಲೆ ಹಾಯಿಸುತ್ತಾರೆ. ಕಾರ್ಬನ್ ಮಾನಾಕ್ಸೈಡ್ ನೀರಿನಿಂದ ಆಮ್ಲಜನಕವನ್ನು ಕಿತ್ತುಕೊಂಡು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ನೀರು ತನ್ನ ಜಲಜನಕವನ್ನು ಬಿಟ್ಟುಕೊಡುತ್ತದೆ. ವಿಷವೂ ಇಳಿಯಿತು, ಜಲಜನಕವೂ ಹೆಚ್ಚಿತು. ಇಷ್ಟಾದ ಮೇಲೂ ಅರ್ಧದಿಂದ ಒಂದು ಶೇಕಡದಷ್ಟು ಉಳಿದುಬಿಡುತ್ತದೆ. ಇಂಧನ ಕೋಶ ಸಹಿಸುವ ಮಟ್ಟ ಇದರ ಸಾವಿರದಲ್ಲಿ ಒಂದು ಪಾಲು.

ಕೊನೆಯ ಈ ಹಂತಕ್ಕೆ ಮೂರು ಉಪಾಯಗಳಿವೆ. ದೊಡ್ಡ ಕಾರ್ಖಾನೆಗಳು ಅನಿಲವನ್ನು ಒತ್ತಡದಲ್ಲಿ ರಂಧ್ರಮಯ ಹರಳುಗಳ ನಡುವೆ ಹಾಯಿಸಿ ಜಲಜನಕವನ್ನು ಬೇರ್ಪಡಿಸುತ್ತವೆ. ಅಮೋನಿಯಾ ಘಟಕಗಳು ನಿಕ್ಕಲ್ ವೇಗವರ್ಧಕದ ಮೇಲೆ ಕಾರ್ಬನ್ ಮಾನಾಕ್ಸೈಡನ್ನು ಮೀಥೇನ್ ಮಾಡಿಬಿಡುತ್ತವೆ; ಆದರೆ ಒಂದು ವಿಷದ ಅಣುವನ್ನು ತೊಲಗಿಸಲು ಮೂರು ಜಲಜನಕದ ಅಣುಗಳನ್ನು ತೆರಬೇಕು. ಮೂರನೆಯದು, ಚೂರೇ ಚೂರು ಗಾಳಿ ಬೆರೆಸಿ ಕಾರ್ಬನ್ ಮಾನಾಕ್ಸೈಡನ್ನು ಮಾತ್ರ ಸುಡುವುದು. ಇದಕ್ಕೆ ಆಯ್ದ ಉತ್ಕರ್ಷಣೆ ಎನ್ನಬಹುದು.

ಕೇಳಲು ಸಲೀಸು. ಮಾಡಲು ಹೊರಟರೆ ಕಷ್ಟ ತಿಳಿಯುತ್ತದೆ. ಅನಿಲದಲ್ಲಿ ಅರ್ಧ ಭಾಗ ಜಲಜನಕ, ನೂರರಲ್ಲಿ ಒಂದು ಭಾಗ ಕಾರ್ಬನ್ ಮಾನಾಕ್ಸೈಡ್ ಎಂದಿಟ್ಟುಕೊಂಡರೆ, ಒಂದು ವಿಷದ ಅಣುವಿನ ಸುತ್ತ ಐವತ್ತು ಜಲಜನಕದ ಅಣುಗಳಿವೆ. ಅವೂ ಆಮ್ಲಜನಕ ಕಂಡರೆ ಉರಿದು ನೀರಾಗಲು ಸಿದ್ಧ. ವೇಗವರ್ಧಕ ಆ ಒಂದನ್ನು ಹುಡುಕಿ ಸುಡಬೇಕು, ಐವತ್ತನ್ನು ಮುಟ್ಟಕೂಡದು. ಪ್ಲಾಟಿನಂ ಇಲ್ಲಿ ಎಡವುತ್ತದೆ. ತಣ್ಣಗಿದ್ದಾಗ ಅದರ ಮೈಯನ್ನು ಕಾರ್ಬನ್ ಮಾನಾಕ್ಸೈಡ್ ಮುಚ್ಚಿಬಿಡುವುದರಿಂದ ಆಮ್ಲಜನಕ ಇಳಿಯಲು ಜಾಗವಿರುವುದಿಲ್ಲ. ಆ ಹೊದಿಕೆ ಸಡಿಲಿಸಲು 150 ಡಿಗ್ರಿ ಆಸುಪಾಸಿಗೆ ಕಾಯಿಸಿದರೆ, ಜಲಜನಕವೂ ಸೇರಿ ಉರಿಯತೊಡಗುತ್ತದೆ.

ಸೋಮಾರಿ ಲೋಹ ಎದ್ದು ಕೂತಿತು

ಚಿನ್ನ ತುಕ್ಕು ಹಿಡಿಯುವುದಿಲ್ಲ, ಕಪ್ಪಾಗುವುದಿಲ್ಲ. ಅಜ್ಜಿಯ ಸರ ಮೊಮ್ಮಗಳ ಕೊರಳಲ್ಲೂ ಹೊಳೆಯುವುದು ಅದು ಯಾರ ಸಹವಾಸಕ್ಕೂ ಹೋಗದ ಕಾರಣದಿಂದಲೇ. ವೇಗವರ್ಧಕಕ್ಕೆ ಬೇಕಾದುದು ಇದರ ಉಲ್ಟಾ ಗುಣ: ಅಣುಗಳನ್ನು ಕರೆದು, ಹಿಡಿದು, ಬದಲಿಸಿ, ಬಿಡಬೇಕು. ಅದಕ್ಕೇ ಚಿನ್ನವನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

1980ರ ದಶಕದ ಆರಂಭದಲ್ಲಿ ಜಪಾನಿನ ಒಸಾಕಾದ ಸರ್ಕಾರಿ ಪ್ರಯೋಗಾಲಯದಲ್ಲಿ ಮಸಾತಾಕೆ ಹರುತಾ ಚಿನ್ನದ ಅತಿ ಸಣ್ಣ ಕಣಗಳನ್ನು ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಆಕ್ಸೈಡುಗಳ ಮೇಲೆ ಕೂರಿಸಿ ನೋಡಿದರು. 1987ರಲ್ಲಿ ಅವರ ತಂಡ ಪ್ರಕಟಿಸಿದ ಫಲಿತಾಂಶ ಎಲ್ಲರ ಹುಬ್ಬೇರಿಸಿತು: ಈ ಚಿನ್ನ ಕಾರ್ಬನ್ ಮಾನಾಕ್ಸೈಡನ್ನು ಸೊನ್ನೆಗಿಂತ 70 ಡಿಗ್ರಿ ಕೆಳಗೂ ಸುಡಬಲ್ಲದು. ಕಾಯಿಸುವುದಿರಲಿ, ಹಿಮಗಟ್ಟಿಸಿದರೂ ಕೆಲಸ ನಿಲ್ಲಿಸದ ವೇಗವರ್ಧಕ.

ಗುಟ್ಟಿರುವುದು ಗಾತ್ರದಲ್ಲಿ. ಕಣದ ಅಡ್ಡಳತೆ ಐದು ನ್ಯಾನೊಮೀಟರ್ ದಾಟಿದರೆ ಚುರುಕು ಕುಸಿಯುತ್ತದೆ. ಮೂರರ ಆಸುಪಾಸಿನಲ್ಲಿ ಉತ್ತುಂಗ. ಅಂಥ ಒಂದು ಕಣದಲ್ಲಿ ಇರುವುದು ಸುಮಾರು ಎಂಟುನೂರು ಪರಮಾಣು, ಅವುಗಳಲ್ಲಿ ದೊಡ್ಡ ಪಾಲು ಹೊರಮೈಯಲ್ಲೇ ಇರುತ್ತವೆ. ಒಂದು ಗ್ರಾಂ ಚಿನ್ನವನ್ನು ಇಂಥ ಕಣಗಳಾಗಿ ಒಡೆದರೆ ಅವುಗಳ ಒಟ್ಟು ಮೈ ಸುಮಾರು 100 ಚದರ ಮೀಟರ್, ಹೆಚ್ಚುಕಡಿಮೆ ಒಂದು 30×40 ಸೈಟಿನಷ್ಟು. ಜತೆಗೆ, ಕಣದ ಅಂಚಿನಲ್ಲಿ ಮತ್ತು ಮೂಲೆಗಳಲ್ಲಿ ಕೂತ ಪರಮಾಣುಗಳಿಗೆ ನೆರೆಯವರು ಕಡಿಮೆ. ಅಷ್ಟರಮಟ್ಟಿಗೆ ಅವು ಹೊಸಬರನ್ನು ಹಿಡಿಯಲು ಮುಂದಾಗುತ್ತವೆ.

ಗಾತ್ರ ಇಳಿದಂತೆ ಲೋಹದ ಸ್ವಭಾವವೇ ಬದಲಾಗುತ್ತದೆ. ದೇವನಹಳ್ಳಿ ದಾರಿಯ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ 1989ರಲ್ಲಿ ಶುರುವಾದದ್ದು. ಅಲ್ಲಿ ಸಿ.ಎನ್.ಆರ್. ರಾವ್, ಜಿ.ಯು. ಕುಲಕರ್ಣಿ ಮತ್ತು ಸಂಗಡಿಗರು ಒಂದೊಂದೇ ಲೋಹಕಣವನ್ನು ಸೂಜಿಮೊನೆಯ ಸೂಕ್ಷ್ಮದರ್ಶಕದಿಂದ ತಡವಿ, ತೀರಾ ಸಣ್ಣದಾದಾಗ ಲೋಹ ತನ್ನ ಲೋಹತನವನ್ನೇ ಕಳೆದುಕೊಳ್ಳುತ್ತದೆ ಎಂದು 1998ರಲ್ಲಿ ತೋರಿಸಿದರು. ಅದೇ ವರ್ಷ ಅಮೆರಿಕದಲ್ಲಿ ವೇಯ್ನ್ ಗುಡ್‌ಮನ್ ತಂಡ ಟೈಟಾನಿಯಂ ಆಕ್ಸೈಡಿನ ಮೇಲೆ ಎರಡೇ ಪದರ ದಪ್ಪದ ಚಿನ್ನದ ದ್ವೀಪಗಳು ಕಾರ್ಬನ್ ಮಾನಾಕ್ಸೈಡನ್ನು ಸುಡುವುದರಲ್ಲಿ ಎಲ್ಲಕ್ಕಿಂತ ಚುರುಕು ಎಂದು ಕಂಡುಕೊಂಡಿತು. ಎರಡೂ ಕಡೆ ಕಂಡದ್ದು ಒಂದೇ ದಿಕ್ಕಿನ ಸತ್ಯ.

ಇನ್ನು ಆಯ್ಕೆಯ ವಿಷಯ. ಜಲಜನಕದ ಅಣು ಚಿನ್ನದ ಮೇಲೆ ಸುಲಭಕ್ಕೆ ಒಡೆಯುವುದಿಲ್ಲ. ಕಾರ್ಬನ್ ಮಾನಾಕ್ಸೈಡ್ ಚಿನ್ನಕ್ಕೆ ಅಂಟುತ್ತದೆ, ಆದರೆ ಹಗುರವಾಗಿ. ಪ್ಲಾಟಿನಂನಂತೆ ಮೈತುಂಬ ಮುಚ್ಚಿ ಉಸಿರು ಕಟ್ಟಿಸುವುದಿಲ್ಲ. ಬೇಕಾದ ಆಮ್ಲಜನಕ ಚಿನ್ನವೂ ಆಕ್ಸೈಡೂ ಕೂಡುವ ಗಡಿಯಲ್ಲಿ ಸಿಗುತ್ತದೆ. ಸೀರಿಯಂ ಆಕ್ಸೈಡಿನಂಥ ಆಸರೆಯಾದರೆ ತನ್ನ ಒಡಲಿನ ಆಮ್ಲಜನಕವನ್ನೇ ಕೊಟ್ಟು, ಆಮೇಲೆ ಗಾಳಿಯಿಂದ ತುಂಬಿಕೊಳ್ಳುತ್ತದೆ. ಹೀಗಾಗಿ ಕೋಣೆಯ ಉಷ್ಣತೆಯಿಂದ 80 ಡಿಗ್ರಿವರೆಗೆ ಚಿನ್ನದ ಮೇಲೆ ಕಾರ್ಬನ್ ಮಾನಾಕ್ಸೈಡ್ ಜಲಜನಕಕ್ಕಿಂತ ಬೇಗ ಉರಿಯುತ್ತದೆ. ಇಂಧನ ಕೋಶ ನಡೆಯುವುದೂ ಅದೇ ಶಾಖದಲ್ಲಿ. ಅನಿಲವನ್ನು ಮತ್ತೆ ಕಾಯಿಸುವ, ಮತ್ತೆ ತಣಿಸುವ ಗೋಜಿಲ್ಲ. ಬಹುತೇಕ ವೇಗವರ್ಧಕಗಳಿಗೆ ಕಿರಿಕಿರಿಯಾಗುವ ತೇವಾಂಶ ಕೂಡ ಇಲ್ಲಿ ಹೆಚ್ಚಾಗಿ ನೆರವಿಗೇ ಬರುತ್ತದೆ.

ಬೆಂಗಳೂರಿನ ಬೆಂಕಿ, ಕೋಲಾರದ ಸೈನೈಡ್

ಇಷ್ಟು ಸಣ್ಣ ಕಣಗಳನ್ನು ಮಾಡುವುದು ಹೇಗೆ? ಚಿನ್ನದ ಲವಣದ ದ್ರಾವಣವನ್ನು ಹದವಾದ ಕ್ಷಾರದಲ್ಲಿ ಆಕ್ಸೈಡಿನ ಮೇಲೆ ನಿಧಾನವಾಗಿ ಇಳಿಸುವುದು ಹರುತಾ ಅವರ ಬಳಗದ ದಾರಿ. ಬೆಂಗಳೂರಿನಲ್ಲಿ ಇನ್ನೊಂದು ದಾರಿ ಮೊದಲೇ ತೆರೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಸಿ. ಪಾಟೀಲ ಮತ್ತು ಜೆ.ಜೆ. ಕಿಂಗ್ಸ್‌ಲಿ ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾದ ದ್ರಾವಣವನ್ನು 500 ಡಿಗ್ರಿಯ ಕುಲುಮೆಗೆ ಇಟ್ಟರು. ಅದು ಕುದಿದು, ನೊರೆಯೆದ್ದು, ಭಗ್ಗನೆ ಹೊತ್ತಿಕೊಂಡು, ಕೆಲವೇ ನಿಮಿಷದಲ್ಲಿ ಹತ್ತಿಯಂತೆ ಹಗುರವಾದ ಅಲ್ಯೂಮಿನಾ ಆಗಿ ಕೂತಿತು. 1988ರಲ್ಲಿ ಪ್ರಕಟವಾದ ಈ ದಹನ ವಿಧಾನ ಈಗ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಬಳಕೆಯಲ್ಲಿದೆ. ದುಬಾರಿ ಯಂತ್ರ ಬೇಡ, ದಿನಗಟ್ಟಲೆ ಕಾಯುವುದು ಬೇಡ.

ಇದೇ ಬೆಂಕಿಯಲ್ಲಿ ಪ್ರೊ. ಎಂ.ಎಸ್. ಹೆಗಡೆ ಅವರ ತಂಡ ಬೆಲೆಬಾಳುವ ಲೋಹಗಳನ್ನು ಸೀರಿಯಂ ಆಕ್ಸೈಡಿನೊಳಗೆ ಹುದುಗಿಸಿತು. 2002ರಲ್ಲಿ ಪಾರ್ಥಸಾರಥಿ ಬೇರ ಮತ್ತು ಹೆಗಡೆ ಚಿನ್ನ ಕೂರಿಸಿದ ಸೀರಿಯಂ ಆಕ್ಸೈಡನ್ನು ಹೀಗೆ ತಯಾರಿಸಿ ಪರೀಕ್ಷಿಸಿದಾಗ, ಚಿನ್ನದ ಒಂದು ಪಾಲು ಲೋಹವಾಗಿ ಉಳಿಯದೆ ಮೂರು ಎಲೆಕ್ಟ್ರಾನು ಕಳೆದುಕೊಂಡ ಅಯಾನಾಗಿದ್ದುದು ಕಂಡಿತು. ಕೆಲಸ ಮಾಡುವುದು ಲೋಹದ ಕಣವಲ್ಲ, ಆಕ್ಸೈಡಿನ ಜಾಲದಲ್ಲಿ ಒಂಟಿಯಾಗಿ ಕೂತ ಅಯಾನು ಎಂಬ ವಾದವನ್ನು ಹೆಗಡೆ, ಗಿರಿಧರ್ ಮದ್ರಾಸ್ ಮತ್ತು ಪಾಟೀಲ ಪ್ಲಾಟಿನಂ, ಪಲ್ಲಾಡಿಯಂ ಮುಂತಾದ ಲೋಹಗಳ ಮೇಲಿನ ವರ್ಷಗಳ ಕೆಲಸದಿಂದ ಕಟ್ಟಿ 2009ರಲ್ಲಿ ಒಟ್ಟಾಗಿ ಮಂಡಿಸಿದರು.

ಅಯಾನಿನ ಪಕ್ಷಕ್ಕೆ ಬಲವಾದ ಸಾಕ್ಷಿ 2003ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಿಂದ ಬಂತು. ಮರಿಯಾ ಫ್ಲಿಟ್ಜಾನಿ-ಸ್ಟೆಫನೋಪುಲೋಸ್ ಮತ್ತು ಜತೆಗಾರರು ಚಿನ್ನ ಕೂರಿಸಿದ ಸೀರಿಯಂ ಆಕ್ಸೈಡನ್ನು ಸೈನೈಡ್ ದ್ರಾವಣದಲ್ಲಿ ತೊಳೆದರು. ಸೈನೈಡ್ ಲೋಹರೂಪದ ಚಿನ್ನವನ್ನು ಕರಗಿಸಿ ಒಯ್ಯುತ್ತದೆ. ಅದಿರಿನ ಪುಡಿಯಿಂದ ಚಿನ್ನ ಬಿಡಿಸಲು ಕೋಲಾರದ ಗಣಿಗಳು ದಶಕಗಟ್ಟಲೆ ಬಳಸಿದ್ದು ಇದನ್ನೇ. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿದರೂ ಕೆಜಿಎಫ್‌ನಲ್ಲಿ ಸೈನೈಡ್ ದಿಬ್ಬಗಳು ಇನ್ನೂ ನಿಂತಿವೆ. ಟಫ್ಟ್ಸ್‌ನ ಪ್ರಯೋಗದಲ್ಲಿ ಚಿನ್ನದ ಬಹುಪಾಲು ತೊಳೆದುಹೋಯಿತು, ಆದರೆ ಕಾರ್ಬನ್ ಮಾನಾಕ್ಸೈಡನ್ನು ಹಬೆಯೊಂದಿಗೆ ಕೂಡಿಸುವ ವೇಗ ಕುಗ್ಗಲಿಲ್ಲ. ಅಂದರೆ ಹೋದದ್ದು ಕೂಲಿಯಿಲ್ಲದೆ ಕೂತಿದ್ದ ಚಿನ್ನ. ದುಡಿಯುತ್ತಿದ್ದುದು ಆಕ್ಸೈಡಿಗೆ ಕಚ್ಚಿಕೊಂಡು ಉಳಿದ ಅಯಾನುಗಳು.

ವಾದ ಅಲ್ಲಿಗೇ ತೀರಲಿಲ್ಲ. 2008ರಲ್ಲಿ ಬ್ರಿಟನ್ನಿನ ಗ್ರಹಾಂ ಹಚಿಂಗ್ಸ್ ಮತ್ತು ಅಮೆರಿಕದ ಕ್ರಿಸ್ಟೋಫರ್ ಕೀಲಿ ತಂಡಗಳು ಕಬ್ಬಿಣದ ಆಕ್ಸೈಡಿನ ಮೇಲೆ ಅರ್ಧ ನ್ಯಾನೊಮೀಟರಿನ, ಹತ್ತೇ ಪರಮಾಣುಗಳ ಎರಡು ಪದರದ ಗುಂಪುಗಳನ್ನು ಬೊಟ್ಟುಮಾಡಿ, ಕಾರ್ಬನ್ ಮಾನಾಕ್ಸೈಡ್ ಸುಡುವವು ಇವೇ ಎಂದವು. ಆಸರೆ ಯಾವುದು, ನಡೆಯುವ ಕ್ರಿಯೆ ಯಾವುದು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ ಎಂಬುದು ಈಗ ಬಹಳ ಮಂದಿ ಒಪ್ಪುವ ಮಾತು. ಎಲ್ಲರೂ ಒಪ್ಪುವ ಇನ್ನೊಂದು ಮಾತೂ ಇದೆ: ಈ ಕೆಲಸದಲ್ಲಿ ಚಿನ್ನ ಹೆಚ್ಚಿದ್ದರೆ ಲಾಭವಿಲ್ಲ. ನೂರು ಗ್ರಾಂ ಪುಡಿಯಲ್ಲಿ ಒಂದು ಗ್ರಾಂ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ ಸಾಕು.

ಹಾಗಾದರೆ ಯಾಕೆ ಎಲ್ಲೆಲ್ಲೂ ಇಲ್ಲ?

ಮೊದಲ ತೊಡಕು ಆಯಸ್ಸಿನದು. ಸಣ್ಣ ಕಣಗಳು ಶಾಖ ತಾಗಿದರೆ ಒಂದನ್ನೊಂದು ಸೇರಿ ದೊಡ್ಡದಾಗುತ್ತವೆ; ದೊಡ್ಡದಾದರೆ ಮತ್ತೆ ಅದೇ ಸೋಮಾರಿ ಚಿನ್ನ. ತಯಾರಿಕೆಯಲ್ಲಿ ಕ್ಲೋರೈಡ್ ಉಳಿದರೆ ಇದು ಇನ್ನೂ ಬೇಗ ಆಗುತ್ತದೆ. ಅನಿಲದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಕಾರ್ಬೊನೇಟ್ ಆಗಿ ಗಡಿಗಳ ಮೇಲೆ ಕೂತು ದಾರಿ ಕಟ್ಟುತ್ತದೆ. ಉಷ್ಣತೆ ಏರಿದಂತೆ ಆಯ್ಕೆಯ ಗುಣವೂ ಸಡಿಲವಾಗಿ ಜಲಜನಕ ಉರಿಯತೊಡಗುತ್ತದೆ. ಕಟ್ಟಿಗೆಯ ಅನಿಲವಾದರೆ ಟಾರು, ಗಂಧಕ ಬೇರೆ.

ಎರಡನೆಯದು ಸ್ಪರ್ಧೆ. ತಾಮ್ರ ಮತ್ತು ಸೀರಿಯಂ ಆಕ್ಸೈಡಿನ ಜೋಡಿ ಹೆಚ್ಚು ಶಾಖ ಕೇಳುತ್ತದೆ, ಆದರೆ ಅಗ್ಗ. 2019ರಲ್ಲಿ ಚೀನಾದ ಹೆಫೆಯ ವಿಜ್ಞಾನಿಗಳು ಪ್ಲಾಟಿನಂ ಕಣಗಳಿಗೆ ಕಬ್ಬಿಣದ ಹೈಡ್ರಾಕ್ಸೈಡನ್ನು ಪರಮಾಣು ಮಟ್ಟದಲ್ಲಿ ಲೇಪಿಸಿ, ಸೊನ್ನೆಗಿಂತ 75 ಡಿಗ್ರಿ ಕೆಳಗಿನಿಂದ ನೂರು ದಾಟುವವರೆಗೆ ಕಾರ್ಬನ್ ಮಾನಾಕ್ಸೈಡನ್ನು ಮಾತ್ರ ಸುಡುವ ವೇಗವರ್ಧಕ ಮಾಡಿದರು. ಜಪಾನಿನಲ್ಲಿ 2009ರಿಂದ ಮನೆಮನೆಗೆ ಮಾರಾಟವಾಗುತ್ತಿರುವ ಎನೆ-ಫಾರ್ಮ್ ಇಂಧನ ಕೋಶಗಳು ಅಡುಗೆ ಅನಿಲದಿಂದ ಸ್ಥಳದಲ್ಲೇ ಜಲಜನಕ ಮಾಡಿಕೊಂಡು ವಿದ್ಯುತ್ತೂ ಬಿಸಿನೀರೂ ಕೊಡುತ್ತವೆ. ಅವುಗಳಲ್ಲಿ ಈ ಕೊನೆಯ ಹಂತದ ಕೆಲಸಕ್ಕೆ ರುಥೇನಿಯಂ ನೆಲೆಯೂರಿದೆ.

ಮೂರನೆಯದು ಶುದ್ಧತೆಯ ಪಟ್ಟಿ. ವಾಹನಗಳಿಗೆ ತುಂಬುವ ಜಲಜನಕದಲ್ಲಿ ಕಾರ್ಬನ್ ಮಾನಾಕ್ಸೈಡ್ ಹತ್ತು ಲಕ್ಷಕ್ಕೆ 0.2 ಪಾಲು ಮೀರಬಾರದೆಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಆಯ್ದ ಉತ್ಕರ್ಷಣೆಯೊಂದರಿಂದಲೇ ಅಲ್ಲಿಗೆ ಮುಟ್ಟುವುದು ಕಷ್ಟ. ಬೆರೆಸಿದ ಗಾಳಿಯ ಸಾರಜನಕವೂ, ಹುಟ್ಟಿದ ಕಾರ್ಬನ್ ಡೈಆಕ್ಸೈಡೂ ಅನಿಲದಲ್ಲೇ ಉಳಿಯುತ್ತವೆ. ಆದ್ದರಿಂದ ಬಸ್ಸು ಕಾರುಗಳ ಜಲಜನಕಕ್ಕೆ ಹರಳುಗಳ ಸೋಸುವಿಕೆಯೇ ಗತಿ, ಇಲ್ಲವೇ ನೀರು ಒಡೆಯುವ ಯಂತ್ರ. ಅಲ್ಲಿ ಚಿನ್ನಕ್ಕೆ ದೊಡ್ಡ ಪಾತ್ರವಿಲ್ಲ.

ಚಿನ್ನದ ಜಾಗ ಬೇರೆ. ಅನಿಲ ತಯಾರಾದ ಕಡೆಯೇ, ಪಕ್ಕದಲ್ಲೇ ಇಟ್ಟ ಇಂಧನ ಕೋಶಕ್ಕೆ ನೇರವಾಗಿ ಹರಿಸುವ ಸಣ್ಣ ಘಟಕಗಳು ಅದಕ್ಕೆ ಹೇಳಿ ಮಾಡಿಸಿದವು. ವಿಷ ಹತ್ತು ಲಕ್ಷಕ್ಕೆ ಹತ್ತು ಪಾಲಿನೊಳಗೆ ಇಳಿದರೆ ಅಲ್ಲಿ ಸಾಕು. ಹರಳುಗಳ ಸೋಸುವಿಕೆಗೆ ಬೇಕಾದ ಒತ್ತಡದ ಸಂಕೋಚಕಗಳ ಖರ್ಚು ಅಷ್ಟು ಸಣ್ಣ ಘಟಕಕ್ಕೆ ಹೊರೆ. ಎರಡು ಮೂರು ಹಳ್ಳಿಗಳ ತ್ಯಾಜ್ಯ ಉಂಡು ಒಂದು ಶೀತಲಗೃಹವನ್ನೋ ರೇಷ್ಮೆ ನೂಲು ತೆಗೆಯುವ ಘಟಕವನ್ನೋ ನಡೆಸುವಂಥ ಅಳತೆ ಅದು. ರಾಗಿ ಹುಲ್ಲು ದನಕ್ಕೇ ಇರಲಿ; ನೀಲಗಿರಿ ಬುಡ, ತೆಂಗಿನ ಮಟ್ಟೆ, ಹಿಪ್ಪುನೇರಳೆ ಕಡ್ಡಿ ಸಾಲದೆ?

ಬೇಕಾದ ಸಲಕರಣೆ ಬಹುಪಾಲು ಇಲ್ಲೇ ಇದೆ. ಕಟ್ಟಿಗೆಯಿಂದ ಜಲಜನಕ ತೆಗೆಯುವ ವಿದ್ಯೆ ಬೆಂಗಳೂರಿನದು, ನಿಮಿಷಗಳಲ್ಲಿ ವೇಗವರ್ಧಕ ಮಾಡುವ ಬೆಂಕಿಯ ವಿಧಾನ ಬೆಂಗಳೂರಿನದು, ಸೀರಿಯಂ ಕೇರಳ ಕರಾವಳಿಯ ಮೊನಜೈಟ್ ಮರಳಿನಲ್ಲಿದೆ, ಚಿನ್ನ ರಾಯಚೂರಿನ ಹಟ್ಟಿಯಲ್ಲಿ ಇಂದಿಗೂ ನೆಲದಿಂದ ಬರುತ್ತಿದೆ. ಕೊರತೆಯಿರುವುದು ಒಂದೇ ಕಡೆ. ಚಿನ್ನದ ವೇಗವರ್ಧಕಗಳ ಪರೀಕ್ಷೆ ಹೆಚ್ಚಾಗಿ ನಡೆಯುವುದು ಸಿಲಿಂಡರಿನಿಂದ ಬಂದ ಶುದ್ಧ ಅನಿಲಗಳ ಅಳೆದು ಬೆರೆಸಿದ ಮಿಶ್ರಣದಲ್ಲಿ, ಕೆಲವು ಗಂಟೆ, ಕೆಲವು ದಿನ. ಟಾರು, ಗಂಧಕ, ತೇವ ಎಲ್ಲ ಕೂಡಿದ ಕಟ್ಟಿಗೆಯ ಅನಿಲದಲ್ಲಿ ಸಾವಿರಾರು ಗಂಟೆ ತಾಳಿದರೆ ಮಾತ್ರ ಅದು ತಂತ್ರಜ್ಞಾನ. ಅಲ್ಲಿಯವರೆಗೆ ಒಳ್ಳೆಯ ಪ್ರಬಂಧ. ಹಸಿರು ಜಲಜನಕದ ಹಣದಲ್ಲಿ ಸಣ್ಣದೊಂದು ಪಾಲನ್ನು ಈ ದೀರ್ಘ ಪರೀಕ್ಷೆಗೆ ಮೀಸಲಿಟ್ಟು, ಬೆಂಗಳೂರಿನ ಸುತ್ತಮುತ್ತಲ ಯಾವುದಾದರೂ ಒಂದು ಊರಿನಲ್ಲಿ ಕಟ್ಟಿಗೆಯನ್ನು ಅನಿಲವಾಗಿಸುವ ಗ್ಯಾಸಿಫೈಯರ್, ವೇಗವರ್ಧಕ, ಇಂಧನ ಕೋಶ ಮೂರನ್ನೂ ಒಂದೇ ಸೂರಿನಡಿ ಓಡಿಸಿ ನೋಡಬೇಕು. ಗೆದ್ದರೆ ಹಳ್ಳಿಗೆ ವಿದ್ಯುತ್ತು; ಸೋತರೆ ತಾಮ್ರವೋ ರುಥೇನಿಯಮೋ ಮೇಲೆಂಬ ಖಚಿತ ತಿಳಿವು. ಎರಡರಲ್ಲೂ ನಷ್ಟವಿಲ್ಲ.